ಮರಳಿ ತುಂಬಬಲ್ಲ ಕ್ಷಾರಕೋಶ ನಮಗೇಕೆ ಬೇಕು?

ಉಚ್ಚಂಗಿದುರ್ಗದ ಸುತ್ತಣ ಹಳ್ಳಿಗಳಲ್ಲಿ ಟಾರ್ಚಿಗೆ ‘ಬ್ಯಾಟರಿ’ ಎಂದೇ ಹೆಸರು. ಅದರೊಳಗೆ ಹಾಕತಕ್ಕ ವಿದ್ಯುತ್ಕೋಶವನ್ನು ‘ಸೆಲ್ಲು’ ಎನ್ನುತ್ತಾರೆ. ಪಟ್ಟಣದ ಅಂಗಡಿಯವರು ಬಿಡಿ ಕೋಶವನ್ನೇ ಬ್ಯಾಟರಿಯೆಂದು ಮಾರುವುದನ್ನು ನೋಡಿದರೆ, ನಮ್ಮ ರೈತರ ಮಾತೇ ಶಾಸ್ತ್ರಕ್ಕೆ ಹತ್ತಿರವಾದುದೆಂದು ಹೇಳಬೇಕಾಗುತ್ತದೆ. ಏಕೆಂದರೆ ಭೌತವಿಜ್ಞಾನದಲ್ಲಿ ಒಂಟಿಯಾಗಿದ್ದರೆ ಅದು ಕೋಶ. ಎರಡೋ ಮೂರೋ ಕೋಶಗಳು ಸಾಲಾಗಿ ಕೂಡಿದಾಗಲೇ ಬ್ಯಾಟರಿ. ಒಂದರ ಹಿಂದೆ ಒಂದು ಕೋಶವನ್ನು ಕೊಳವೆಯೊಳಗೆ ಇಳಿಸಿದ ಟಾರ್ಚು ನಿಜವಾಗಿಯೂ ಬ್ಯಾಟರಿಯೇ ಸರಿ.

ಈ ಬ್ಯಾಟರಿ ನಮ್ಮ ಸೀಮೆಯಲ್ಲಿ ಅಲಂಕಾರದ ವಸ್ತುವಲ್ಲ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ರೈತನಿಗೆ ಪಂಪ್‌ಸೆಟ್ಟಿನ ಮೂರು ಫೇಸಿನ ವಿದ್ಯುತ್ತು ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಗೆ ಬಿದ್ದರೆ ಆತ ರಾತ್ರಿಯೇ ಎದ್ದು ಹೊಲಕ್ಕೆ ಹೋಗಬೇಕು. ಆಳೆತ್ತರ ಬೆಳೆದ ಮೆಕ್ಕೆಜೋಳದ ನಡುವಣ ಬದುವಿನ ಮೇಲೆ ಏನು ಮಲಗಿದೆಯೆಂಬುದು ಬೆಳಕಿಲ್ಲದೆ ತಿಳಿಯದು. ಹಾವು ಕಡಿತವನ್ನು ಕರ್ನಾಟಕ ಸರ್ಕಾರವು 2024ರಲ್ಲಿ, ಕಡ್ಡಾಯವಾಗಿ ವರದಿ ಮಾಡತಕ್ಕ ವ್ಯಾಧಿಗಳ ಪಟ್ಟಿಗೆ ಸೇರಿಸಿತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಡೆಗೆ ಹೋದರೆ ಕರಡಿಯ ಭಯವೂ ಇದೆ. ಅಲ್ಲಿ ಕರಡಿಗಳಿಗಾಗಿಯೇ ಒಂದು ಅಭಯಾರಣ್ಯ ಉಂಟು. ಆದುದರಿಂದ ಸೆಲ್ಲಿನ ವಿಚಾರವನ್ನು ಕೇವಲ ಗಡಿಯಾರದ, ಆಟಿಕೆಯ ವಿಚಾರವೆಂದು ಭಾವಿಸಿ ಯಾರೂ ಪುಟ ತಿರುಗಿಸಬಾರದೆಂದು ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ.

ಸೆಲ್ಲು ದುರ್ಬಲವಾದಾಗ ಅದನ್ನು ಬಿಸಿಲಿಗಿಡುವ ಪದ್ಧತಿಯನ್ನು ನೀವು ನೋಡಿರಬಹುದು. ಬಿಸಿಲಿಗಿಟ್ಟ ಸೆಲ್ಲು ಆ ರಾತ್ರಿ ಕೊಂಚ ಹೊತ್ತು ಉರಿಯುವುದು ಸುಳ್ಳಲ್ಲ. ಆದರೆ ಸೂರ್ಯನು ಅದಕ್ಕೆ ಹೊಸ ಶಕ್ತಿಯನ್ನೇನೂ ತುಂಬಿರುವುದಿಲ್ಲ. ಕೋಶವು ಪ್ರವಾಹವನ್ನು ಕೊಡುತ್ತಿರುವಾಗ ಅದರ ಅಗ್ರಗಳ ಸಮೀಪದಲ್ಲಿ ಕ್ರಿಯೆಗೆ ಬೇಕಾದ ಪದಾರ್ಥ ಕಡಮೆಯಾಗಿ, ಕ್ರಿಯೆಯಿಂದ ಹುಟ್ಟಿದ ಪದಾರ್ಥ ಕಿಕ್ಕಿರಿದು ನಿಲ್ಲುತ್ತದೆ. ಬಿಡುವು ದೊರೆತರೆ ಇವೆರಡೂ ನಿಧಾನವಾಗಿ ಹರಡಿಕೊಂಡು ಸಮನಾಗುತ್ತವೆ. ಶಾಖವು ಈ ಹರಡುವಿಕೆಯನ್ನು ಬೇಗ ಮಾಡಿಸುತ್ತದೆ, ಅಷ್ಟೆ. ಒಳಗೆ ಉಳಿದಿದ್ದುದು ಕೈಗೆ ಸಿಕ್ಕಿತೇ ಹೊರತು ಮುಗಿದುದು ಮರಳಿ ಬರಲಿಲ್ಲ. ಹಾಗೆಯೇ ಪೂರ್ತಿ ಸತ್ತ ಸೆಲ್ಲನ್ನು ಒಡೆದು, ಒಳಗಿನ ಕಪ್ಪು ಪುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಶಾಲೆಯ ಕರಿಹಲಗೆಗೆ ಬಳಿಯುತ್ತಿದ್ದ ಕಾಲವೊಂದಿತ್ತು. ಆ ಪುಡಿ ಇಂಗಾಲ ಮತ್ತು ಮ್ಯಾಂಗನೀಸ್ ಡೈಆಕ್ಸೈಡುಗಳ ಮಿಶ್ರಣ. ಈ ಲೇಖನದ ಮುಖ್ಯ ಪಾತ್ರವೂ ಅದೇ ಪುಡಿಯಾಗಿದೆ.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಪೆನ್ಸಿಲ್ ಸೆಲ್ಲೆಂದು ನಾವು ಕರೆಯುವ ಎಎ ಗಾತ್ರದ ಒಂದು ಒಳ್ಳೆಯ ಕ್ಷಾರಕೋಶವು ಮಿತವಾದ ಬಳಕೆಯಲ್ಲಿ ಸುಮಾರು 3 ವ್ಯಾಟ್-ಗಂಟೆಯಷ್ಟು ಶಕ್ತಿಯನ್ನು ಕೊಡುತ್ತದೆ. ನಮ್ಮ ಮನೆಯ ಮೀಟರು ಅಳೆಯುವ ಒಂದು ಯೂನಿಟ್ಟು ಎಂದರೆ 1000 ವ್ಯಾಟ್-ಗಂಟೆ. ಅಂದರೆ ಒಂದು ಯೂನಿಟ್ಟಿಗೆ ಸುಮಾರು 333 ಸೆಲ್ಲುಗಳು ಬೇಕು. ಸೆಲ್ಲೊಂದರ ಬೆಲೆಯನ್ನು 30 ರೂಪಾಯಿಯೆಂದು ಹಿಡಿದರೆ ಯೂನಿಟ್ಟಿನ ಬೆಲೆ ಹತ್ತು ಸಾವಿರ ರೂಪಾಯಿಯಾಯಿತು! ಅದೇ ಯೂನಿಟ್ಟು ಗೋಡೆಯ ಪ್ಲಗ್ಗಿನಿಂದ 6 ರೂಪಾಯಿಗೆ ದೊರೆಯುವುದೆಂದು ಇಟ್ಟುಕೊಳ್ಳಿ. ಮರಳಿ ತುಂಬುವಾಗ ಮೂರರಲ್ಲಿ ಎರಡು ಪಾಲು ಶಕ್ತಿ ವ್ಯರ್ಥವಾದರೂ ಒಂದು ಸೆಲ್ಲನ್ನು ತುಂಬಲು ತಗಲುವುದು ಆರು ಪೈಸೆಯ ಆಸುಪಾಸು. ಸೆಲ್ಲನ್ನು ಕೊಳ್ಳುವವನು ವಿದ್ಯುತ್ತಿಗಾಗಿ ಹಣ ತೆರುವುದಿಲ್ಲ; ಸತುವಿನ, ಉಕ್ಕಿನ ಡಬ್ಬಿಯ, ಸಾಗಣೆಯ, ಜಾಹೀರಾತಿನ ಬೆಲೆಯನ್ನು ತೆತ್ತು, ಒಂದೇ ಸಲ ಬಳಸಿ ಎಸೆಯುತ್ತಾನೆ. ವಿದ್ಯುತ್ತೇನೋ ಅದರೊಡನೆ ಕೊಸರಾಗಿ ಬರುತ್ತದೆ.

ಹಾಗಾದರೆ ಈ ಕೋಶವನ್ನು ಮರಳಿ ತುಂಬಲು ಏನು ಅಡ್ಡಿ? ಇದಕ್ಕೆ ಉತ್ತರ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ರಚಿಸಿದ ಕೋಶದಲ್ಲಿ ಸತು ಋಣಾಗ್ರ, ಮ್ಯಾಂಗನೀಸ್ ಡೈಆಕ್ಸೈಡು ಧನಾಗ್ರ, ನವಸಾಗರದ ದ್ರಾವಣ ನಡುವಣ ಮಾಧ್ಯಮ. ಗಾಸ್ನರ್ ಎಂಬ ಜರ್ಮನಿಯ ವೈದ್ಯನು 1886ರಲ್ಲಿ ಆ ದ್ರಾವಣವನ್ನು ಸರಿಯಂತೆ ಗಟ್ಟಿಮಾಡಿ ಶುಷ್ಕಕೋಶವನ್ನಾಗಿಸಿದನು. ನಮ್ಮ ಹಳ್ಳಿಯ ಅಂಗಡಿಗಳಲ್ಲಿ ಇಂದಿಗೂ ಹೆಚ್ಚಾಗಿ ಮಾರಾಟವಾಗುವ ಅಗ್ಗದ ಸೆಲ್ಲು ಇದೇ ವಂಶದ್ದು. 1950ರ ದಶಕದಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯು ಕೆನಡಾದವನಾದ ಲೂಯಿ ಅರಿ ಎಂಬ ಯುವಕನಿಗೆ, ಈ ಹಳೆಯ ಕೋಶದ ಆಯುಸ್ಸನ್ನು ಹೆಚ್ಚಿಸುವ ಕೆಲಸವನ್ನು ಒಪ್ಪಿಸಿತು. ಆತನು ನವಸಾಗರವನ್ನು ಬಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡು ಎಂಬ ಪ್ರಬಲ ಕ್ಷಾರವನ್ನು ಆರಿಸಿಕೊಂಡನು. ಸತುವನ್ನು ಡಬ್ಬಿಯ ರೂಪದಲ್ಲಿಡದೆ ಪುಡಿಯ ರೂಪದಲ್ಲಿ ನಡುವೆ ತುಂಬಿದನು. ಪುಡಿಯ ಮೇಲ್ಮೈ ವಿಸ್ತಾರವಾದುದರಿಂದ ಪ್ರವಾಹವೂ ಧಾರಾಳವಾಯಿತು. ಸಂಸ್ಥೆಯ ಹಿರಿಯರಿಗೆ ಇದನ್ನು ಮನಗಾಣಿಸಲು ಅವನು ಊಟದ ಸಭಾಂಗಣದಲ್ಲಿ ಎರಡು ಆಟಿಕೆಯ ಕಾರುಗಳನ್ನು ಓಡಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಹಳೆಯ ಸೆಲ್ಲಿನ ಕಾರು ಬೇಗನೆ ನಿಂತಿತು. ಹೊಸತು ನೋಡುವವರಿಗೆ ಬೇಸರ ಬರುವಷ್ಟು ಹೊತ್ತು ಅತ್ತಿತ್ತ ಓಡಾಡಿತು. 1959ರಲ್ಲಿ ಕ್ಷಾರಕೋಶ ಪೇಟೆಗೆ ಬಂದಿತು. ಈ ಕಾರ್ಯದಲ್ಲಿ ಅರಿಯೊಡನೆ ಸೇರಿದ್ದವನು ಆಸ್ಟ್ರಿಯದ ಕಾರ್ಲ್ ಕೊರ್ಡೆಶ್. ನಮ್ಮ ಕಥೆಗೆ ಇವನೇ ಹೆಚ್ಚು ಮುಖ್ಯನಾದವನು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ‘ಕ್ಷಾರಕೋಶ’ ಎಂಬ ಹೆಸರು ಒಳಗಿನ ದ್ರಾವಣವನ್ನು ಸೂಚಿಸುತ್ತದೆಯೇ ಹೊರತು ಅದು ಮರಳಿ ತುಂಬತಕ್ಕದ್ದೋ ಅಲ್ಲವೋ ಎಂಬುದನ್ನು ಸೂಚಿಸುವುದಿಲ್ಲ. ಸ್ವೀಡನ್ನಿನ ಯುಂಗ್ನರ್ 1899ರಲ್ಲಿ ನಿರ್ಮಿಸಿದ ನಿಕಲ್-ಕ್ಯಾಡ್ಮಿಯಂ ಕೋಶವೂ, ಎಡಿಸನ್ 1901ರಲ್ಲಿ ಮುಂದೆ ತಂದ ನಿಕಲ್-ಕಬ್ಬಿಣದ ಕೋಶವೂ, ಇಂದು ಪೇಟೆಯಲ್ಲಿ ದೊರೆಯುವ ನಿಕಲ್-ಲೋಹ ಹೈಡ್ರೈಡ್ ಕೋಶವೂ ಒಳಗೆ ಕ್ಷಾರವನ್ನೇ ಹೊಂದಿವೆ. ಅವುಗಳೆಲ್ಲ ಮರಳಿ ತುಂಬಬಲ್ಲವು. ಅಂಗಡಿಯವನು ‘ಆಲ್ಕಲೈನ್’ ಎಂದು ಕೊಡುವ ಸಾಮಾನ್ಯ ಸೆಲ್ಲು ಮಾತ್ರ ಒಂದು ಸಲದ ಬಳಕೆಗೆ ಮೀಸಲಾದುದು.

ಈಗ ಒಳಗೆ ನಡೆಯುವುದನ್ನು ನೋಡೋಣ. ಮ್ಯಾಂಗನೀಸ್ ಡೈಆಕ್ಸೈಡಿನ ಹರಳಿನಲ್ಲಿ ಸೂಕ್ಷ್ಮವಾದ ಸುರಂಗಗಳಿವೆ. ಕೋಶವು ಕೆಲಸ ಮಾಡುವಾಗ ಹೊರಗಿನ ತಂತಿಯಿಂದ ಎಲೆಕ್ಟ್ರಾನುಗಳೂ, ಒಳಗಿನ ನೀರಿನಿಂದ ಪ್ರೋಟಾನುಗಳೂ ಬಂದು ಈ ಹರಳನ್ನು ಸೇರುತ್ತವೆ. ಮ್ಯಾಂಗನೀಸಿನ ಪ್ರತಿಯೊಂದು ಪರಮಾಣು ಒಂದೊಂದು ಎಲೆಕ್ಟ್ರಾನನ್ನು ಸ್ವೀಕರಿಸುವುದೆಂದಾದರೆ, 87 ಗ್ರಾಂ ಪದಾರ್ಥವು 96,500 ಕೂಲಂಗಳನ್ನು, ಎಂದರೆ ಸುಮಾರು 26.8 ಆಂಪಿಯರ್-ಗಂಟೆಗಳನ್ನು ಒದಗಿಸುತ್ತದೆ. ಗ್ರಾಮಿಗೆ ಇದು 308 ಮಿಲಿಆಂಪಿಯರ್-ಗಂಟೆ. (ಪದವಿಪೂರ್ವ ತರಗತಿಯವರು ಫ್ಯಾರಡೆಯ ನಿಯಮವನ್ನು ಬಳಸಿ ಇದನ್ನು ತಾವೇ ಸರಿನೋಡಬಹುದು.) ಇಲ್ಲಿಯವರೆಗೆ ಹರಳು ಉಬ್ಬುತ್ತದೆಯಾದರೂ ಅದರ ಕಟ್ಟಡ ಬಹುಮಟ್ಟಿಗೆ ಉಳಿಯುತ್ತದೆ; ಪ್ರವಾಹವನ್ನು ಹಿಮ್ಮುಖವಾಗಿ ಹರಿಸಿದರೆ ಸೇರಿದ ಪ್ರೋಟಾನುಗಳು ಬಂದ ದಾರಿಯಲ್ಲೇ ಹೊರಡುತ್ತವೆ. ಆದರೆ ಈ ಮಿತಿಯನ್ನು ಮೀರಿ ಕೋಶವನ್ನು ಹಿಂಡಿದಾಗ ಹರಳು ಕುಸಿದು, ಬೇರೆ ಬಗೆಯ ಆಕ್ಸೈಡುಗಳಾಗಿ ಮಾರ್ಪಡುತ್ತದೆ. ಕರಗಿದ ಸತುವೂ ಬಂದು ಅದರೊಡನೆ ಸಂಯೋಗವಾಗುತ್ತದೆ. ಆ ಮೇಲೆ ಎಷ್ಟು ಪ್ರವಾಹವನ್ನು ಹರಿಸಿದರೂ ಮೊದಲಿನ ಹರಳು ಮರಳಿ ಹುಟ್ಟುವುದಿಲ್ಲ.

ಸತುವಿನದು ಇನ್ನೊಂದು ತೊಂದರೆ. ಅದು ಕ್ಷಾರದಲ್ಲಿ ಕರಗಿ ಹೋಗಿರುತ್ತದೆ. ಮರಳಿ ತುಂಬುವಾಗ ಮೊದಲಿದ್ದ ಸ್ಥಳದಲ್ಲಿ ಸಮನಾಗಿ ಕೂರದೆ, ಕವಲೊಡೆದ ಮುಳ್ಳುಗಳಂತೆ ಬೆಳೆದು, ನಡುವಣ ತೆರೆಯನ್ನು ಚುಚ್ಚಿ ಧನಾಗ್ರವನ್ನು ಮುಟ್ಟುವ ಸಂಭವವಿದೆ. ಜೊತೆಗೆ ಜಲಜನಕವೂ ಹೊರಡುತ್ತದೆ.

ಕೊರ್ಡೆಶ್ ಈ ತೊಡಕುಗಳನ್ನು ಒಂದೊಂದಾಗಿ ಎದುರಿಸಿದನು. 1977ರಲ್ಲಿ ಅಮೆರಿಕವನ್ನು ಬಿಟ್ಟು ಗ್ರಾಟ್ಸ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದ ಬಳಿಕವೂ ಈ ಕೆಲಸವನ್ನು ಬಿಡಲಿಲ್ಲ. ಆತನ ಉಪಾಯ ಸರಳವೂ ಸುಂದರವೂ ಆದುದು. ಕೋಶದಲ್ಲಿ ಸತುವನ್ನೇ ಕಡಮೆ ಹಾಕಿದನು. ಮ್ಯಾಂಗನೀಸಿನ ಹರಳು ಕುಸಿಯುವ ಹಂತಕ್ಕೆ ಬರುವ ಮೊದಲೇ ಸತು ಮುಗಿದು ಕೋಶ ತಾನಾಗಿಯೇ ನಿಲ್ಲತಕ್ಕದ್ದು. ಮುಳ್ಳುಗಳನ್ನು ತಡೆಯಲು ಬಲವಾದ ತೆರೆ. ಹೊರಟ ಜಲಜನಕವನ್ನು ಒಳಗೇ ಮರಳಿ ನೀರಾಗಿಸಲು ಒಂದು ವೇಗವರ್ಧಕ. ಇಂಥ ಕೋಶವನ್ನು ಅಮೆರಿಕದ ರೇಯೊವ್ಯಾಕ್ ಕಂಪನಿಯು 1993ರಲ್ಲಿ ‘ರಿನ್ಯೂವಲ್’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಒಂದೂವರೆ ವೋಲ್ಟು, ವರ್ಷಗಟ್ಟಲೆ ಸೋರದೆ ನಿಲ್ಲುವ ಆವೇಶ, ಕ್ಯಾಡ್ಮಿಯಂನಂಥ ವಿಷವಿಲ್ಲ, ಅಗ್ಗದ ಪದಾರ್ಥಗಳು. ಗೃಹಕೃತ್ಯಕ್ಕೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಆದರೂ ಅದು ನಿಲ್ಲಲಿಲ್ಲ. ಇಂದು ಪೇಟೆಯಲ್ಲಿ ಆ ಹೆಸರು ಉಳಿದಿಲ್ಲ. ನಮ್ಮ ಕಡೆಯ ಅಂಗಡಿಗಳಲ್ಲಂತೂ ಅಂಥದೊಂದನ್ನು ನಾನು ಕಂಡುದಿಲ್ಲ. ಸತುವನ್ನು ಕಡಮೆ ಹಾಕಿದ್ದರಿಂದ ಮೊದಲ ಬಳಕೆಯಲ್ಲೇ ಅದು ಸಾಮಾನ್ಯ ಕ್ಷಾರಕೋಶಕ್ಕಿಂತ ಕಡಮೆ ಹೊತ್ತು ಬಾಳುತ್ತಿತ್ತು. ಪ್ರತಿ ಸಲವೂ ಪೂರ್ತಿ ಬರಿದುಮಾಡಿ ತುಂಬಿದರೆ ಕೆಲವೇ ಹತ್ತು ಸಲಗಳಲ್ಲಿ ಸೊರಗುತ್ತಿತ್ತು. ಅರ್ಧಕ್ಕಿಂತ ಮೊದಲೇ ತುಂಬುತ್ತ ಹೋದವರಿಗೆ ನೂರಾರು ಸಲ ಒದಗುತ್ತಿತ್ತು. ಮೊಸರಿನ ಗಡಿಗೆಯನ್ನು ನಮ್ಮ ತಾಯಂದಿರು ಎಂದೂ ತಳ ಕೆರೆಯುವುದಿಲ್ಲ. ನಾಳೆಯ ಹೆಪ್ಪಿಗೆ ಒಂದಿಷ್ಟನ್ನು ಉಳಿಸುತ್ತಾರೆ. ಈ ಕೋಶ ಬಯಸುತ್ತಿದ್ದುದೂ ಅಷ್ಟೇ ಸಂಯಮವನ್ನು. ದೀಪ ಪೂರ್ತಿ ಕಂದಿದ ಮೇಲೆಯೇ ಸೆಲ್ಲನ್ನು ತೆಗೆಯುವ ಅಭ್ಯಾಸ ಹತ್ತಿದವರ ಕೈಯಲ್ಲಿ ಅದು ಹಾಳಾದುದು ಸಹಜ. ಅಷ್ಟರಲ್ಲಿ ನಿಕಲ್-ಲೋಹ ಹೈಡ್ರೈಡ್ ಕೋಶವೂ ಸುಧಾರಿಸಿತು. ತಿಂಗಳೊಳಗೆ ಆವೇಶ ಸೋರಿಹೋಗುವುದು ಅದರ ದೊಡ್ಡ ದೋಷವಾಗಿತ್ತು. 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿಯು ವರ್ಷ ಕಳೆದರೂ ಬಹುಪಾಲು ಆವೇಶವನ್ನು ಉಳಿಸಿಕೊಳ್ಳುವ ಕೋಶವನ್ನು ತಂದ ಮೇಲೆ ಆ ದೂರೂ ಕಡಮೆಯಾಯಿತು.

ಹಾಗಾದರೆ ಸತ್ತ ಕುದುರೆಯನ್ನು ಎಬ್ಬಿಸುವುದೇಕೆ ಎಂದು ನನ್ನ ಸಹೋದ್ಯೋಗಿಗಳೊಬ್ಬರು ಕೇಳುವುದುಂಟು. ಲಿಥಿಯಂ ಬಂದಿದೆಯಲ್ಲ ಎಂಬುದು ಅವರ ವಾದ. ಮೊಬೈಲು ಫೋನಿಗೆ ಲಿಥಿಯಮೇ ಸರಿ, ಅದರಲ್ಲಿ ವಿವಾದವಿಲ್ಲ. ನನ್ನ ಚಿಂತೆ ಇರುವುದು ಹೊಲದ ಬದುವಿನ ಮೇಲಿನ ಆ ಟಾರ್ಚಿನ ಬಗ್ಗೆ. ಇಂದು ನಮ್ಮ ಸಂತೆಗಳಲ್ಲಿ ಮಾರುವ ಅಗ್ಗದ ಚಾರ್ಜಿಂಗ್ ಟಾರ್ಚುಗಳನ್ನು ನೋಡಿ. ಒಳಗಿನ ಕೋಶವನ್ನು ತೆಗೆಯಲಾಗದಂತೆ ಮುಚ್ಚಿರುತ್ತಾರೆ. ಅದು ಒಂದೆರಡು ವರ್ಷದಲ್ಲಿ ಸೊರಗಿದಾಗ ಬಲ್ಬು, ಗುಂಡಿ, ಗಾಜು ಎಲ್ಲವೂ ಚೆನ್ನಾಗಿರುವ ಟಾರ್ಚು ತಿಪ್ಪೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋದರೆ ಅದು ಸುಮ್ಮನೆ ಪ್ಲಾಸ್ಟಿಕ್ಕಿನ ಕೊಳವೆ. ಹಳೆಯ ಬಗೆಯ ಟಾರ್ಚಾದರೆ ತುಂಬಿದ ಇನ್ನೊಂದು ಜೊತೆ ಸೆಲ್ಲನ್ನು ಗೂಡಿನಲ್ಲಿಟ್ಟಿದ್ದು ಹಾಕಿಕೊಳ್ಳಬಹುದು; ಅದೂ ಇಲ್ಲವಾದರೆ ಊರ ಅಂಗಡಿಯಲ್ಲಿ ಕೊಳ್ಳಬಹುದು. ಎಲ್ಲ ಊರಿನಲ್ಲಿಯೂ ಒಂದೇ ಗಾತ್ರದ ಸೆಲ್ಲು ದೊರೆಯುವುದೆಂಬುದು ದೊಡ್ಡ ಸೌಕರ್ಯ. ಆ ಸೌಕರ್ಯವನ್ನು ಕಳೆದುಕೊಳ್ಳದೆ ಮರುಪೂರಣದ ಉಳಿತಾಯವನ್ನು ಪಡೆಯುವುದು ಹೇಗೆಂಬುದೇ ಪ್ರಶ್ನೆ.

ನಿಕಲ್ ಕೋಶವು ಈ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಕೊಡುತ್ತದೆ. ಅದರ ಒತ್ತಡ ಒಂದೂವರೆಯಲ್ಲ, 1.2 ವೋಲ್ಟು. ಬಹಳ ಉಪಕರಣಗಳಿಗೆ ಇದು ಸಾಕು. ಸಾಮಾನ್ಯ ಕ್ಷಾರಕೋಶದ ಒತ್ತಡವೂ ನಡುವಯಸ್ಸಿಗೆ ಬರುವಷ್ಟರಲ್ಲಿ ಅಲ್ಲಿಗೇ ಇಳಿದಿರುತ್ತದೆ. ಆದರೆ ಬಿಳಿಯ ಎಲ್‌ಇಡಿ ದೀಪ ಚೆನ್ನಾಗಿ ಬೆಳಗಲು ಸುಮಾರು 3 ವೋಲ್ಟು ಬೇಕು. ಒತ್ತಡವನ್ನು ಏರಿಸುವ ಮಂಡಲವಿಲ್ಲದ ಎರಡು ಸೆಲ್ಲಿನ ಅಗ್ಗದ ಟಾರ್ಚಿನಲ್ಲಿ ಎರಡು ನಿಕಲ್ ಕೋಶಗಳು ಕೊಡುವುದು 2.4 ವೋಲ್ಟು ಮಾತ್ರ, ದೀಪ ಮಂಕಾಗುತ್ತದೆ. ಅದನ್ನು ಕಂಡ ರೈತ ‘ಈ ಚಾರ್ಜಿಂಗ್ ಸೆಲ್ಲು ಬರೀ ಮೋಸ’ ಎಂದರೆ ಆತನನ್ನು ಅಜ್ಞಾನಿಯೆನ್ನುವ ಹಕ್ಕು ನಮಗಿಲ್ಲ. ಇಂಥ ಕಡೆಯಲ್ಲಿಯೇ ಒಂದೂವರೆ ವೋಲ್ಟಿನ ಮರುಪೂರಣ ಕ್ಷಾರಕೋಶ ತನ್ನ ಯೋಗ್ಯತೆಯನ್ನು ತೋರಿಸಬಲ್ಲುದು. ಪ್ರತಿದಿನ ಸ್ವಲ್ಪ ಉರಿಸಿ ಬೆಳಗ್ಗೆ ಮರಳಿ ತುಂಬುವ ಟಾರ್ಚು ಅದರ ಸ್ವಭಾವಕ್ಕೆ ತಕ್ಕುದಾದ ಬಳಕೆಯೇ ಆಗಿದೆ.

ಇನ್ನು ಪದಾರ್ಥದ ಮಾತು. ಸತು ನಮ್ಮ ದೇಶಕ್ಕೆ ಹೊಸದಲ್ಲ. ರಾಜಸ್ಥಾನದ ಜಾವರ್‌ನಲ್ಲಿ ಅದನ್ನು ಬಟ್ಟಿಯಿಳಿಸುವ ವಿದ್ಯೆ ಶತಮಾನಗಳ ಹಿಂದೆಯೇ ಇತ್ತು. ಮ್ಯಾಂಗನೀಸಂತೂ ನಮ್ಮ ಬಾಗಿಲಲ್ಲಿದೆ. ಕೂಡ್ಲಿಗಿಯ ನೆರೆಯ ಸಂಡೂರಿನ ಬೆಟ್ಟಗಳಲ್ಲಿ ಅದರ ಅದಿರನ್ನು ಬಹುಕಾಲದಿಂದ ಅಗೆಯುತ್ತಿದ್ದಾರೆ. ಸಂಡೂರ್ ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಸಂಸ್ಥೆ 1954ರಷ್ಟು ಹಿಂದೆ ಸ್ಥಾಪಿತವಾದುದು. ಆ ಅದಿರಿನ ಮುಖ್ಯ ಪ್ರಯೋಜನ ಉಕ್ಕಿನ ಉದ್ಯಮಕ್ಕೆ. ಅದನ್ನು ಹಾಗೆಯೇ ಕುಟ್ಟಿ ಕ್ಷಾರಕೋಶಕ್ಕೆ ತುಂಬಲು ಬರುವುದಿಲ್ಲ. ಕಬ್ಬಿಣವೇ ಮೊದಲಾದ ಬೆರಕೆಯನ್ನು ತೆಗೆದು, ಅದಿರನ್ನು ಗಂಧಕಾಮ್ಲದಲ್ಲಿ ಕರಗಿಸಿ, ಬಿಸಿಯಾದ ದ್ರಾವಣದಲ್ಲಿ ವಿದ್ಯುದ್ವಿಶ್ಲೇಷಣೆ ಮಾಡಿ ಶುದ್ಧ ಡೈಆಕ್ಸೈಡನ್ನು ಅಗ್ರದ ಮೇಲೆ ಕೂರಿಸಿಕೊಳ್ಳಬೇಕು. ಇದು ಕಷ್ಟಸಾಧ್ಯವಾದರೂ ಗುಟ್ಟಿನ ವಿದ್ಯೆಯೇನಲ್ಲ. ಗಣಿಯ ಧೂಳನ್ನು ಉಂಡ ಜಿಲ್ಲೆಗೆ ಅದಿರಿನ ಲಾರಿಗಳ ಲೆಕ್ಕದ ಜೊತೆಗೆ ಇಂಥದೊಂದು ಪ್ರಯೋಗಶಾಲೆಯೂ ಕಾರ್ಖಾನೆಯೂ ದೊರೆಯಲೆಂದು ಹಾರೈಸುವುದು ದುರಾಸೆಯೆಂದು ನನಗೆ ತೋರುವುದಿಲ್ಲ.

ವಿಜ್ಞಾನವೂ ಅಲ್ಲಿಗೇ ನಿಂತಿಲ್ಲ. ಮ್ಯಾಂಗನೀಸಿನ ಆಕ್ಸೈಡಿಗೆ ಬಿಸ್ಮತ್ತನ್ನು ಬೆರೆಸಿದರೆ ಎರಡನೆಯ ಎಲೆಕ್ಟ್ರಾನನ್ನೂ ಪಡೆದು ಮರಳಿ ತುಂಬಬಹುದೆಂದು 1980ರ ದಶಕದಲ್ಲಿ ಫೋರ್ಡ್ ಕಂಪನಿಯ ಸಂಶೋಧಕರು ತೋರಿಸಿದ್ದರು. 2017ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ಸಂಜಯ್ ಬ್ಯಾನರ್ಜಿಯವರ ತಂಡವು, ಬಿಸ್ಮತ್ತಿನೊಡನೆ ಪದರಗಳ ನಡುವೆ ತಾಮ್ರವನ್ನೂ ಸೇರಿಸಿ, ಪ್ರಯೋಗಶಾಲೆಯಲ್ಲಿ ಇಂಥ ಅಗ್ರವನ್ನು 6000ಕ್ಕೂ ಹೆಚ್ಚು ಸಲ ತುಂಬಿ ಬರಿದುಮಾಡಿತು. ಎರಡು ಎಲೆಕ್ಟ್ರಾನು ದೊರೆತರೆ ಗ್ರಾಮಿಗೆ 308 ಇದ್ದುದು 617 ಆಗುತ್ತದೆ. ಅಗ್ರವೊಂದೇ ಕೋಶವಲ್ಲ, ಸತುವಿನ ಮುಳ್ಳು ಇನ್ನೂ ಮುಳ್ಳೇ. ಆದರೂ ಸತ್ತ ಕುದುರೆಯೆಂದು ಕರೆಯುವಷ್ಟು ಅವಸರ ಬೇಡವೆಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು.

ಅಂಥ ಕೋಶ ಅಂಗಡಿಗೆ ಬರುವವರೆಗೆ ಮನೆಯಲ್ಲಿ ಏನು ಮಾಡಬೇಕು? ಗೋಡೆಯ ಗಡಿಯಾರಕ್ಕೂ ಟಿ.ವಿ. ರಿಮೋಟಿಗೂ ಮರುಪೂರಣದ ಸೆಲ್ಲನ್ನು ಹಾಕುವುದು ದಂಡ. ವರ್ಷಕ್ಕೊಂದು ಸೆಲ್ಲನ್ನು ನುಂಗುವ ಯಂತ್ರದಿಂದ ಚಾರ್ಜರಿನ ಬೆಲೆ ಹುಟ್ಟುವುದಿಲ್ಲ. ದಿನವೂ ಉರಿಯುವ ಟಾರ್ಚಿಗೆ ನಿಧಾನವಾಗಿ ಸೋರುವ ನಿಕಲ್ ಕೋಶವೇ ಇಂದಿನ ಮಟ್ಟಿಗೆ ಉತ್ತಮ. ಟಾರ್ಚನ್ನು ಕೊಳ್ಳುವಾಗ ಮೂರು ಸೆಲ್ಲಿನದನ್ನು ಆರಿಸಿದರೆ ಮೇಲೆ ಹೇಳಿದ ಮಂಕುತನದ ತೊಂದರೆಯೂ ಇಲ್ಲ. ಆಪತ್ತಿಗೆಂದು ಪೆಟ್ಟಿಗೆಯಲ್ಲಿಡುವ ಟಾರ್ಚಿನ ಪಕ್ಕದಲ್ಲಿ ಸಾಮಾನ್ಯ ಕ್ಷಾರಕೋಶಗಳನ್ನು ಬಿಡಿಯಾಗಿ ಇಡಬೇಕು, ಒಳಗೆ ಹಾಕಿಡಬಾರದು. ಹಳೆಯದನ್ನು ಹೊಸದರೊಡನೆ ಬೆರೆಸಬಾರದು. ಬಲವಾದ ಕೋಶವು ಬರಿದಾದುದರ ಮೂಲಕ ಪ್ರವಾಹವನ್ನು ತಳ್ಳಿ ಅದನ್ನು ಹಿಮ್ಮುಖಗೊಳಿಸುತ್ತದೆ, ಆಗ ಅದು ಒಡೆದು ಸೋರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಈ ಲೇಖನವನ್ನು ಓದಿ ಸಾಮಾನ್ಯ ಆಲ್ಕಲೈನ್ ಸೆಲ್ಲನ್ನು ನಿಕಲ್ ಕೋಶದ ಚಾರ್ಜರಿಗೆ ಹಾಕಿ ಪ್ರಯೋಗಕ್ಕೆ ತೊಡಗಬೇಡಿ. ಅದರಲ್ಲಿ ಕೊರ್ಡೆಶ್‌ನ ವೇಗವರ್ಧಕವಿಲ್ಲ. ಜಲಜನಕದ ಒತ್ತಡ ಏರಿ ಮುಚ್ಚಳ ಬಿರಿದು ಕ್ಷಾರ ಚಿಮ್ಮಬಹುದು. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ನೀರಿನಲ್ಲಿ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಸೋರಿದ ಕ್ಷಾರಕೋಶದ ತುದಿಯಲ್ಲಿ ಕಾಣುವ ಬಿಳಿಯ ಹುಡಿ, ಕ್ಷಾರವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಆದ ಪೊಟ್ಯಾಸಿಯಂ ಕಾರ್ಬೊನೇಟು. ನಿಂಬೆಯ ರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಅದು ನೊರೆಯೆದ್ದು ಹೋಗುತ್ತದೆ. ಬಳಿಕ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಟಾರ್ಚು ಮತ್ತೆ ಕೆಲಸಕ್ಕೆ ಬರುವುದುಂಟು.

ಸತ್ತ ಸೆಲ್ಲುಗಳ ವಿಲೇವಾರಿಯೂ ಒಂದು ಪ್ರಶ್ನೆಯೇ. 2001ರ ಕೇಂದ್ರದ ನಿಯಮಗಳು ಸೀಸದ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತಿದ್ದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡು, ಅವನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬ್ಯಾಟರಿಯನ್ನು ಇತರ ಕಸದಿಂದ ಬೇರೆಯಾಗಿಡುವ ಕರ್ತವ್ಯವನ್ನು ಬಳಸುವವನಿಗೂ ವಿಧಿಸಿವೆ. ಬೇರೆ ಮಾಡಿಟ್ಟ ಮೇಲೆ ಅದನ್ನು ಎಲ್ಲಿ ಕೊಡಬೇಕೆಂಬುದಕ್ಕೆ ಹಳ್ಳಿಯಲ್ಲಿ ಕಣ್ಣಿಗೆ ಕಾಣುವ ಉತ್ತರವೊಂದು ಇರಬೇಡವೆ? ಸೆಲ್ಲು ಮಾರುವ ಪ್ರತಿಯೊಂದು ಅಂಗಡಿಯಲ್ಲಿ ಒಂದು ಡಬ್ಬ, ತಿಂಗಳಿಗೊಮ್ಮೆ ಹೊಸ ಸರಕನ್ನು ಇಳಿಸಲು ಬರುವ ವಾಹನವೇ ಹಳೆಯದನ್ನು ತುಂಬಿಕೊಂಡು ಹೋಗುವುದು: ಇಷ್ಟನ್ನು ತಯಾರಕರಿಂದ ಮಾಡಿಸಲು ಹೊಸ ಕಾನೂನು ಬೇಕಾಗಿಲ್ಲ. ಹರಪನಹಳ್ಳಿಯಿಂದ ಉಚ್ಚಂಗಿದುರ್ಗಕ್ಕೆ ಸರಕು ತರುವ ವಾಹನ ಹೇಗೂ ಖಾಲಿಯಾಗಿಯೇ ಹಿಂದಿರುಗುತ್ತದೆ.